ಡಯಾಗ್ನಾಸ್ಟಿಕ್ ರೇಡಿಯಾಲಜಿ ಮ್ಯಾಚ್: ಸಿಕೆ 251, ವೀಸಾ ಬೇಕು. ಅವಕಾಶ ಅಳೆಯೋದು ಹೇಗೆ?

ಕೇಳಿದವರು: ಎಕ್ಸ್‌ರೇ_ಆಕಾಂಕ್ಷಿ

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಡಯಾಗ್ನಾಸ್ಟಿಕ್ ರೇಡಿಯಾಲಜಿ ರೆಸಿಡೆನ್ಸಿಗೆ (ವೈದ್ಯ ಪದವಿಯ ನಂತರದ ತಜ್ಞ ತರಬೇತಿಗೆ) ಅರ್ಜಿ ಹಾಕಬೇಕೆಂದಿದ್ದೇನೆ. ವಿವರ ಹೀಗಿದೆ: ಎಂಬಿಬಿಎಸ್ ಮುಗಿದು ಅರ್ಜಿಯ ಹೊತ್ತಿಗೆ 3 ವರ್ಷ ಆಗಿರುತ್ತದೆ. ಅಮೆರಿಕದ ವೈದ್ಯಕೀಯ ಪರವಾನಗಿ ಪರೀಕ್ಷೆಗಳಲ್ಲಿ ಸ್ಟೆಪ್ 1 ಮೊದಲ ಸಲವೇ ಪಾಸ್, ಸ್ಟೆಪ್ 2 ಸಿಕೆ 251. ಅಮೆರಿಕದಲ್ಲಿ ಎರಡು ತಿಂಗಳ ಅಬ್ಸರ್ವರ್‌ಶಿಪ್, ಒಂದು ರೇಡಿಯಾಲಜಿಯಲ್ಲಿ, ಇನ್ನೊಂದು ಇಂಟರ್ನಲ್ ಮೆಡಿಸಿನ್‌ನಲ್ಲಿ. ಒಂದು ಕೇಸ್ ರಿಪೋರ್ಟ್, ಎರಡು ಪೋಸ್ಟರ್. ಹಸಿರು ಕಾರ್ಡ್ ಇಲ್ಲ, ವೀಸಾ ಬೇಕೇ ಬೇಕು.

ಆನ್‌ಲೈನ್ ಕ್ಯಾಲ್ಕುಲೇಟರ್ ಒಂದು 60% ಅನ್ನುತ್ತದೆ, ಇನ್ನೊಂದು 15% ಅನ್ನುತ್ತದೆ. ಯಾವುದನ್ನು ನಂಬಬೇಕು? 251 ಸಾಕಾ? ಎಷ್ಟು ಪ್ರೋಗ್ರಾಂಗೆ ಹಾಕಬೇಕು, ಸಿಗ್ನಲ್‌ಗಳನ್ನು (ವಿಶೇಷ ಆಸಕ್ತಿ ಇದೆ ಎಂದು ಕೆಲವೇ ಪ್ರೋಗ್ರಾಂಗಳಿಗೆ ತಿಳಿಸುವ ಗುರುತು) ಎಲ್ಲಿ ಖರ್ಚು ಮಾಡಬೇಕು, ಇಂಟರ್ನಲ್ ಮೆಡಿಸಿನ್ ಜೊತೆಗಿಟ್ಟುಕೊಳ್ಳಬೇಕಾ? ಸಮಾಧಾನದ ಮಾತು ಬೇಡ, ಇದ್ದದ್ದು ಇದ್ದ ಹಾಗೆ ಹೇಳಿ.

ಉತ್ತರ 1: ಗ್ರೇಸ್ಕೇಲ್

ಎರಡು ಕ್ಯಾಲ್ಕುಲೇಟರ್‌ಗಳನ್ನೂ ಬದಿಗಿಡಿ. ಮ್ಯಾಚ್ ಎಂದರೆ ಅಭ್ಯರ್ಥಿಗಳ ಮತ್ತು ಪ್ರೋಗ್ರಾಂಗಳ ಆದ್ಯತಾ ಪಟ್ಟಿಗಳನ್ನು ಹೊಂದಿಸಿ ಸೀಟು ಹಂಚುವ ವ್ಯವಸ್ಥೆ. ಮ್ಯಾಚ್ ಆಗುವ ದಾರಿಯಲ್ಲಿ ಮೂರು ಬಾಗಿಲುಗಳಿವೆ: ಫಿಲ್ಟರ್, ಇಂಟರ್‌ವ್ಯೂ, ರ‍್ಯಾಂಕ್. ಒಂದೊಂದು ಬಾಗಿಲಲ್ಲೂ ನೋಡುವುದು ಬೇರೆ ಬೇರೆ. ಮೂರನ್ನೂ ಕಲಸಿ ಒಂದೇ ಶೇಕಡಾವಾರು ಕೊಟ್ಟರೆ ಅದರಿಂದ ಏನೂ ತಿಳಿಯುವುದಿಲ್ಲ.

ಮೊದಲು ಸ್ಕೋರ್. 2022ರ ಜನವರಿ 26ರಿಂದ ಸ್ಟೆಪ್ 1 ಬರೀ ಪಾಸ್-ಫೇಲ್ ಆದ ಮೇಲೆ, ಸಂಖ್ಯೆಯಾಗಿ ಉಳಿದಿರುವುದು ಸಿಕೆ ಒಂದೇ. ಮೊದಲ ಸಲ ಬರೆಯುವ ಅಮೆರಿಕ-ಕೆನಡಾ ವಿದ್ಯಾರ್ಥಿಗಳ ಸಿಕೆ ಸರಾಸರಿ 250ರ ಹತ್ತಿರ, ಸ್ಟ್ಯಾಂಡರ್ಡ್ ಡೀವಿಯೇಷನ್ ಸುಮಾರು 15. ಅಂದರೆ 251 ಒಳ್ಳೆಯ ಸ್ಕೋರ್, ಆದರೆ ಆ ಗುಂಪಿನ ನಟ್ಟನಡುವೆ ಕೂರುವ ಸ್ಕೋರ್. ರೇಡಿಯಾಲಜಿಯಲ್ಲಿ ಮ್ಯಾಚ್ ಆದ ಅಮೆರಿಕನ್ (ಅಲ್ಲಿ ಎಂಡಿ ಎಂಬುದು ಮೊದಲ ವೈದ್ಯ ಪದವಿ) ಎಂಡಿ ಸೀನಿಯರ್‌ಗಳ ಸರಾಸರಿಯೂ 250ರ ದಶಕದಲ್ಲೇ ಇದೆ. ಅವರಿಗೆ 251 ಇದ್ದರೆ ಸ್ಕೋರ್ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ವೀಸಾ ಬೇಕಾದ ಐಎಂಜಿಗೆ (ಅಮೆರಿಕದ ಹೊರಗೆ ಓದಿದ ವೈದ್ಯರಿಗೆ) ಅದೇ 251 ಫಿಲ್ಟರ್ ದಾಟಿಸಬಹುದು, ಆದರೆ ಬೇರೆ ಯಾವ ಕೊರತೆಯನ್ನೂ ಮುಚ್ಚಿಕೊಡುವುದಿಲ್ಲ.

ಮ್ಯಾಚ್ ನಡೆಸುವ ಎನ್‌ಆರ್‌ಎಂಪಿ ಪ್ರಕಟಿಸುವ 'ಚಾರ್ಟಿಂಗ್ ಔಟ್‌ಕಮ್ಸ್' ವರದಿಯಲ್ಲಿ ಎಂಡಿ, ಡಿಒ (ಅಮೆರಿಕದ ಆಸ್ಟಿಯೋಪಥಿಕ್ ವೈದ್ಯ ಪದವಿ), ಐಎಂಜಿ ಮೂವರಿಗೂ ಬೇರೆ ಬೇರೆ ಆವೃತ್ತಿಗಳಿವೆ. ಬಹಳ ಜನ ಎಂಡಿ ಸೀನಿಯರ್‌ಗಳ ಗ್ರಾಫ್ ಹಿಡಿದುಕೊಂಡು ತಮ್ಮ ಭವಿಷ್ಯ ನೋಡುತ್ತಾರೆ. ನೀವು ಐಎಂಜಿ ಆವೃತ್ತಿ ತೆಗೆಯಿರಿ, ಅದರಲ್ಲೂ ಅಮೆರಿಕ ಪೌರತ್ವ ಇರುವ ಐಎಂಜಿ, ಇಲ್ಲದ ಐಎಂಜಿ ಎಂಬ ಎರಡು ಕಾಲಂಗಳಲ್ಲಿ ನಿಮ್ಮದನ್ನೇ ಓದಿ. ಇನ್ನೊಂದು ಸೂಕ್ಷ್ಮ ಇದೆ. ಅಲ್ಲಿನ 'ಅಬ್‌ಸ್ಟ್ರಾಕ್ಟ್, ಪ್ರೆಸೆಂಟೇಷನ್, ಪಬ್ಲಿಕೇಷನ್' ಸಂಖ್ಯೆ ಮೂರನ್ನೂ ಕೂಡಿಸಿದ್ದು. ಒಂದೇ ಕೆಲಸ ಕಾಲೇಜಿನಲ್ಲಿ ಪೋಸ್ಟರ್ ಆಗಿ, ಆಮೇಲೆ ಸಮ್ಮೇಳನದಲ್ಲಿ ಅಬ್‌ಸ್ಟ್ರಾಕ್ಟ್ ಆಗಿ, ಕೊನೆಗೆ ಪೇಪರ್ ಆಗಿ ಬಂದರೆ ಮೂರು ಸಲ ಎಣಿಕೆಯಾಗುತ್ತದೆ. ಆ ಸರಾಸರಿ ನೋಡಿ ಅಷ್ಟು ಪೇಪರ್ ಬೇಕು ಎಂದು ಹೆದರಬೇಡಿ.

ಹಳೆಯ ಸಲಹೆಗಳ ಬಗ್ಗೆಯೂ ಹುಷಾರು. 2014–15ರ ಸುಮಾರಿಗೆ ರೇಡಿಯಾಲಜಿಯಲ್ಲಿ ಸೀಟುಗಳು ಖಾಲಿ ಉಳಿಯುತ್ತಿದ್ದವು. ಆಗ ಬರೆದ 'ರೇಡಿಯಾಲಜಿ ಐಎಂಜಿಗೆ ಸುಲಭ' ಎಂಬ ಪೋಸ್ಟ್‌ಗಳು ಇನ್ನೂ ಹುಡುಕಾಟದಲ್ಲಿ ಮೇಲೇ ಬರುತ್ತವೆ. ಈಗ ವರ್ಷಕ್ಕೆ ಸಾವಿರಕ್ಕೂ ಸ್ವಲ್ಪ ಹೆಚ್ಚು ಸೀಟು, ಬಹುತೇಕ ಎಲ್ಲವೂ ಭರ್ತಿ. ಸೋಪ್‌ನಲ್ಲಿ (ಮ್ಯಾಚ್‌ನಲ್ಲಿ ಖಾಲಿ ಉಳಿದ ಸೀಟು ತುಂಬುವ ಸುತ್ತಿನಲ್ಲಿ) ರೇಡಿಯಾಲಜಿ ಸಿಗುತ್ತದೆ ಎಂದು ಲೆಕ್ಕ ಇಡಲೇಬೇಡಿ.

ಉತ್ತರ 2: ಪಟ್ಟಿಮಾಡುವವ

ಗ್ರೇಸ್ಕೇಲ್ ಅವರ ಮಾತಿಗೆ ಸೇರಿಸುತ್ತೇನೆ. ನಿಮ್ಮ ವಿಷಯದಲ್ಲಿ ಅವಕಾಶ ಅಳೆಯಲು ಮೊದಲು ಬೇಕಾದದ್ದು ಸ್ಕೋರ್ ಅಲ್ಲ, ಛೇದ. ಅಂದರೆ ನಿಮ್ಮಂಥ ಅರ್ಜಿಯನ್ನು ನಿಜವಾಗಿ ತೆರೆದು ಓದುವ ಪ್ರೋಗ್ರಾಂಗಳು ಎಷ್ಟು ಎಂಬುದು. ಇದಕ್ಕೆ ಒಂದು ಸ್ಪ್ರೆಡ್‌ಶೀಟ್, ಎರಡು ವಾರಾಂತ್ಯ ಸಾಕು.

ಫ್ರೀಡಾದಿಂದ (ರೆಸಿಡೆನ್ಸಿ ಪ್ರೋಗ್ರಾಂಗಳ ಆನ್‌ಲೈನ್ ಪಟ್ಟಿ) ಎಲ್ಲ ಡಯಾಗ್ನಾಸ್ಟಿಕ್ ರೇಡಿಯಾಲಜಿ ಪ್ರೋಗ್ರಾಂಗಳನ್ನೂ ಒಂದೊಂದು ಸಾಲಾಗಿ ಇಳಿಸಿಕೊಳ್ಳಿ. ಕಾಲಂಗಳು: ಯಾವ ವೀಸಾ, ಪದವಿಯಾಗಿ ಎಷ್ಟು ವರ್ಷದ ಮಿತಿ, ಸಿಕೆ ಕಟ್‌ಆಫ್ ಬರೆದಿದ್ದರೆ ಅದು, ವರ್ಷಕ್ಕೆ ಎಷ್ಟು ಸೀಟು, ಕ್ಯಾಟಗಾರಿಕಲ್ಲೋ (ಮೊದಲ ವರ್ಷವೂ ಸೇರಿದ್ದು) ಅಡ್ವಾನ್ಸ್ಡೋ (ಮೊದಲ ವರ್ಷ ಬೇರೆ ಸೀಟಿನಲ್ಲಿ ಮಾಡಬೇಕಾದದ್ದು). ಆಮೇಲೆ ಪ್ರೋಗ್ರಾಂನ ಜಾಲತಾಣಕ್ಕೆ ಹೋಗಿ ಈಗಿರುವ ನಾಲ್ಕು ಬ್ಯಾಚ್‌ನ ರೆಸಿಡೆಂಟ್‌ಗಳ ಪುಟ ತೆರೆದು, ಯಾರು ಯಾವ ಮೆಡಿಕಲ್ ಕಾಲೇಜಿನವರು ಎಂದು ಎಣಿಸಿ. ಈ ಕೆಲಸ ಬೇಸರದ್ದು, ಆದರೆ ಇಷ್ಟು ನಿಜ ಹೇಳುವ ಮೂಲ ಇನ್ನೊಂದಿಲ್ಲ.

ಎಣಿಸುವಾಗ ಮೂರು ತಪ್ಪು ಆಗುತ್ತವೆ. ಒಂದು, ಕೆರಿಬಿಯನ್ ಕಾಲೇಜಿನಲ್ಲಿ ಓದಿದ ಅಮೆರಿಕನ್ ಪ್ರಜೆಯೂ ಐಎಂಜಿಯೇ. ಅವರನ್ನು ಕಂಡು 'ಇಲ್ಲಿ ಐಎಂಜಿ ತೆಗೆದುಕೊಳ್ಳುತ್ತಾರೆ' ಎಂದು ಬರೆದುಕೊಂಡರೆ ವೀಸಾ ಪ್ರಶ್ನೆ ಹಾಗೇ ಉಳಿಯುತ್ತದೆ. ಎರಡು, ಇರುವ ಒಬ್ಬರೇ ವಿದೇಶಿ ಪದವೀಧರರು ಅದೇ ವಿಭಾಗದಲ್ಲಿ ಎರಡು ವರ್ಷ ರಿಸರ್ಚ್ ಫೆಲೋ ಆಗಿದ್ದವರೋ, ತಮ್ಮ ದೇಶದಲ್ಲಿ ರೇಡಿಯಾಲಜಿ ಎಂಡಿ ಮುಗಿಸಿ ಬಂದವರೋ ಇರಬಹುದು. ಹಾಗಿದ್ದರೆ ಆ ಬಾಗಿಲು ನಿಮ್ಮ ಪ್ರೊಫೈಲ್‌ಗೆ ತೆರೆದಿಲ್ಲ. ಮೂರು, ಫ್ರೀಡಾದ ವೀಸಾ ಮಾಹಿತಿ ಹಳೆಯದಾಗಿರಬಹುದು. ಕೋಆರ್ಡಿನೇಟರ್‌ಗೆ ಎರಡು ಸಾಲಿನ ಇಮೇಲ್ ಹಾಕಿ ಕೇಳಿ: ಈ ಸೀಸನ್‌ನಲ್ಲಿ ಜೆ-1 ವೀಸಾ ಪರಿಗಣಿಸುತ್ತೀರಾ, ಪದವಿ ವರ್ಷಕ್ಕೆ ಮಿತಿ ಇದೆಯಾ. ಅದರಲ್ಲಿ ಸಿವಿ ಲಗತ್ತಿಸಬೇಡಿ, 'ನನ್ನ ಅವಕಾಶ ಹೇಗಿದೆ' ಎಂದು ಕೇಳಬೇಡಿ.

ಕೊನೆಗೆ ಮೂರು ಬಣ್ಣ ಹಚ್ಚಿ. ಕಳೆದ ನಾಲ್ಕು ಬ್ಯಾಚ್‌ನಲ್ಲಿ ವೀಸಾದ ಮೇಲೆ ಬಂದಂತೆ ಕಾಣುವ, ನಿಮ್ಮಂಥ ಹಿನ್ನೆಲೆಯ ಇಬ್ಬರಾದರೂ ಇದ್ದರೆ ಹಸಿರು. ಒಬ್ಬರಿದ್ದರೆ ಹಳದಿ. ಜೆ-1 ಕೊಡುತ್ತೇವೆ ಎಂದು ಬರೆದಿದ್ದರೂ ಯಾರೂ ಇಲ್ಲದಿದ್ದರೆ ಬೂದು. ನಿಮ್ಮ ನಿಜವಾದ ಕಣ ಹಸಿರು ಮತ್ತು ಹಳದಿ ಮಾತ್ರ. ಆ ಸಂಖ್ಯೆ ಹತ್ತಿಪ್ಪತ್ತಕ್ಕೆ ಇಳಿದರೆ ಕುಸಿದು ಕೂರಬೇಡಿ, ಆದರೆ ಅದನ್ನು ನೂರು ಎಂದು ನಂಬಿಕೊಂಡು ಹಣವನ್ನೂ ಸುರಿಯಬೇಡಿ.

ಹಣದ ಲೆಕ್ಕ: 2025ರ ಇರಾಸ್ (ರೆಸಿಡೆನ್ಸಿಯ ಆನ್‌ಲೈನ್ ಅರ್ಜಿ ವ್ಯವಸ್ಥೆ) ಸೀಸನ್‌ನ ದರದಲ್ಲಿ ಒಂದು ವಿಭಾಗದ ಮೊದಲ 30 ಅರ್ಜಿಗೆ ತಲಾ 11 ಡಾಲರ್, 31ರಿಂದ ಮುಂದೆ ತಲಾ 30. ಹಾಗಾಗಿ 30ಕ್ಕೆ 330 ಡಾಲರ್, 50ಕ್ಕೆ 930, 80ಕ್ಕೆ 1,830. ಬೂದು ಸಾಲುಗಳಿಗೆ ಹೋಗುವ ಪ್ರತಿ 30 ಡಾಲರನ್ನು ಪ್ರಿಲಿಮ್ (ಮೊದಲ ಒಂದು ವರ್ಷದ ತರಬೇತಿ) ಅರ್ಜಿಗಳಿಗೆ ಉಳಿಸಿಕೊಳ್ಳುವುದು ಜಾಣತನ.

ಉತ್ತರ 3: ಸಿಗ್ನಲ್_ನಾಯ್ಸ್

ಸಿಗ್ನಲ್ ಬಗ್ಗೆ. ಈಚಿನ ಸೀಸನ್‌ಗಳಲ್ಲಿ ಡಯಾಗ್ನಾಸ್ಟಿಕ್ ರೇಡಿಯಾಲಜಿಗೆ 6 ಗೋಲ್ಡ್ (ಅತಿ ಹೆಚ್ಚು ಆಸಕ್ತಿಯವು), 6 ಸಿಲ್ವರ್ (ಅದರ ನಂತರದವು) ಇವೆ. ಪ್ರೋಗ್ರಾಂಗಳಿಗೆ ಬರುವ ಅರ್ಜಿಗಳ ರಾಶಿಯಲ್ಲಿ ಮೊದಲು ತೆರೆಯುವುದು ಸಿಗ್ನಲ್ ಹಾಕಿದವರದ್ದು. ಸಿಗ್ನಲ್ ಇಲ್ಲದ ಐಎಂಜಿ ಅರ್ಜಿ ಹಲವು ಕಡೆ ತೆರೆಯದೆಯೇ ಉಳಿಯುತ್ತದೆ. ಹಾಗಾಗಿ ನಿಮ್ಮ ಮಟ್ಟಿಗೆ ಈ 12 ಪ್ರೋಗ್ರಾಂಗಳೇ ಅರ್ಜಿಯ ಜೀವ, ಉಳಿದದ್ದು ಅದೃಷ್ಟ ಪರೀಕ್ಷೆ.

ಎಲ್ಲರೂ ಮಾಡುವ ತಪ್ಪು ಎಂದರೆ ಹೆಸರಾಂತ ಆಸ್ಪತ್ರೆಗೆ ಗೋಲ್ಡ್ ಹಾಕುವುದು. ಅಲ್ಲಿ ಗೋಲ್ಡ್ ಹಾಕಿದವರ ಸಾಲೇ ಸೀಟಿಗಿಂತ ಎಷ್ಟೋ ಪಟ್ಟು ಉದ್ದ ಇರುತ್ತದೆ. ಸಿಗ್ನಲ್ ನಿಮ್ಮನ್ನು ಆ ಸಾಲಿನಲ್ಲಿ ನಿಲ್ಲಿಸುತ್ತದೆ, ಮುಂದಕ್ಕೆ ತಳ್ಳುವುದಿಲ್ಲ. ಪಟ್ಟಿಮಾಡುವವ ಹೇಳಿದ ಹಸಿರು ಸಾಲುಗಳಲ್ಲಿ ನಿಮಗೆ ಏನಾದರೂ ಕೊಂಡಿ ಇರುವ ಆರಕ್ಕೆ ಗೋಲ್ಡ್ ಕೊಡಿ: ಅಬ್ಸರ್ವರ್‌ಶಿಪ್ ಮಾಡಿದ ಜಾಗ, ಪತ್ರ ಬರೆದವರ ಪರಿಚಯ ಇರುವ ಜಾಗ, ಹತ್ತಿರದ ಬಂಧುಗಳಿರುವ ಊರು. ಉಳಿದ ಹಸಿರುಗಳಿಗೆ ಸಿಲ್ವರ್. ಅಬ್ಸರ್ವರ್‌ಶಿಪ್ ಮಾಡಿದ ಕಡೆಯವರು ನಿಮ್ಮಿಂದ ಸಿಗ್ನಲ್ ನಿರೀಕ್ಷಿಸುತ್ತಾರೋ ಎಂದು ಅಲ್ಲಿಯವರನ್ನೇ ನೇರವಾಗಿ ಕೇಳಿ. ಅದು ತಪ್ಪಲ್ಲ.

ಭೌಗೋಳಿಕ ಆಯ್ಕೆ ಬೇರೆ ಪೆಟ್ಟಿಗೆ. ಅಮೆರಿಕದ 9 ಸೆನ್ಸಸ್ ವಿಭಾಗಗಳಲ್ಲಿ 3ರವರೆಗೆ ಆರಿಸಬಹುದು. ನಿಮ್ಮ ಗೋಲ್ಡ್‌ಗಳು ಒಂದು ಕಡೆ, ಭೌಗೋಳಿಕ ಆಯ್ಕೆ ಇನ್ನೊಂದು ಕಡೆ ಇದ್ದರೆ ಓದುವವರಿಗೆ ಎರಡರ ಮೇಲೂ ನಂಬಿಕೆ ಹೋಗುತ್ತದೆ.

ಉತ್ತರ 4: ಡಿಒ_ಮೂರನೇ_ವರ್ಷ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ, ಇದೇ ಎಳೆಯಲ್ಲಿ ಕೇಳಿಬಿಡುತ್ತೇನೆ. ಅಮೆರಿಕದ ಡಿಒ ಶಾಲೆ, ಕಾಮ್ಲೆಕ್ಸ್ (ಡಿಒಗಳ ಪರವಾನಗಿ ಪರೀಕ್ಷೆ) ಲೆವೆಲ್ 1 ಮತ್ತು ಸ್ಟೆಪ್ 1 ಎರಡೂ ಪಾಸ್. ಸಿಕೆ ಅಭ್ಯಾಸ ಪರೀಕ್ಷೆಗಳಲ್ಲಿ 240ರ ಆಸುಪಾಸು ಬರುತ್ತಿದೆ. ಬರೀ ಕಾಮ್ಲೆಕ್ಸ್ ಸ್ಕೋರ್ ಕೊಟ್ಟು ಸಿಕೆ ಬಿಟ್ಟುಬಿಡಲೇ?

ಉತ್ತರ 5: ಗ್ರೇಸ್ಕೇಲ್

ಬಿಡಬೇಡಿ. ಸ್ಟೆಪ್ 1 ಬರೆದು ಸಿಕೆ ಬರೆಯದಿದ್ದರೆ, ಏನೋ ಮುಚ್ಚಿಡುತ್ತಿದ್ದೀರಿ ಎಂದೇ ಓದುತ್ತಾರೆ. ಜೊತೆಗೆ ಹಲವು ಪ್ರೋಗ್ರಾಂಗಳ ಫಿಲ್ಟರ್ ಸಿಕೆ ಕಾಲಂ ಮೇಲೇ ಓಡುತ್ತದೆ, ಅದು ಖಾಲಿ ಇದ್ದರೆ ನಿಮ್ಮ ಅರ್ಜಿ ಪರದೆಗೇ ಬರುವುದಿಲ್ಲ. ಅಭ್ಯಾಸದಲ್ಲಿ 240 ಇದ್ದರೆ ಪರೀಕ್ಷೆಯನ್ನು ನಾಲ್ಕೈದು ವಾರ ಮುಂದೂಡಿ, ಸ್ಕೋರ್ ಮಾತ್ರ ಸೆಪ್ಟೆಂಬರ್ ಅರ್ಜಿಯ ಮೊದಲೇ ಕೈಗೆ ಬರಲಿ. ಮೂರು ಅಡ್ವಾನ್ಸ್ಡ್ ಪ್ರೋಗ್ರಾಂಗಳಾದರೂ ಡಿಒ ರೆಸಿಡೆಂಟ್‌ಗಳಿಂದ ತುಂಬಿರುವಂಥವು ನಿಮ್ಮ ಗೋಲ್ಡ್ ಪಟ್ಟಿಯಲ್ಲಿರಲಿ. ವೀಸಾ ಪ್ರಶ್ನೆ ಇಲ್ಲದಿರುವುದರಿಂದ ನಿಮ್ಮ ಛೇದ ಎಕ್ಸ್‌ರೇ_ಆಕಾಂಕ್ಷಿ ಅವರದ್ದಕ್ಕಿಂತ ಬಹಳ ದೊಡ್ಡದು.

ಉತ್ತರ 6: ರ‍್ಯಾಂಕ್‌ಪಟ್ಟಿ

ಇಂಟರ್‌ವ್ಯೂ ಬಂದ ಮೇಲಿನ ಲೆಕ್ಕವನ್ನು ಹೆಚ್ಚಿನವರು ತಪ್ಪಾಗಿ ಹಾಕುತ್ತಾರೆ, ಅದನ್ನು ಬಿಡಿಸಿ ಹೇಳುತ್ತೇನೆ.

ಒಂದು ಪ್ರೋಗ್ರಾಂನಲ್ಲಿ 8 ಸೀಟು, 90 ಜನರನ್ನು ಇಂಟರ್‌ವ್ಯೂಗೆ ಕರೆದರು ಎಂದುಕೊಳ್ಳಿ. '8 ಭಾಗಿಸು 90, ನನ್ನ ಅವಕಾಶ 9%' ಅನ್ನುತ್ತಾರೆ. ಅದು ಸರಿಯಲ್ಲ. ಪಟ್ಟಿಯ ಮೇಲಿರುವವರಲ್ಲಿ ಹೆಚ್ಚಿನವರು ಬೇರೆಡೆ ಮ್ಯಾಚ್ ಆಗುತ್ತಾರೆ, ಹಾಗಾಗಿ 8 ಸೀಟು ತುಂಬಲು ಪ್ರೋಗ್ರಾಂ ತನ್ನ ಪಟ್ಟಿಯಲ್ಲಿ, ಉದಾಹರಣೆಗೆ, 40ನೆಯವರವರೆಗೆ ಇಳಿಯುತ್ತದೆ. ಆಗ ಇಂಟರ್‌ವ್ಯೂಗೆ ಬಂದ ಸರಾಸರಿ ಅಭ್ಯರ್ಥಿಗೆ ಆ ಬಾಗಿಲು ತೆರೆಯುವ ಸಾಧ್ಯತೆ 40/90, ಅಂದರೆ ಸುಮಾರು 44%. ಮುಖ್ಯ ಸಂಖ್ಯೆ ಸೀಟಲ್ಲ, ಪಟ್ಟಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು. ಒಂದೊಂದು ಇಂಟರ್‌ವ್ಯೂಗೂ ಅಷ್ಟೊಂದು ಬೆಲೆ ಇರುವುದು ಇದರಿಂದಲೇ.

ಆದರೆ ವೀಸಾ ಬೇಕಾದವರನ್ನು ಕೆಲವು ಕಡೆ ಪಟ್ಟಿಯ ಕೆಳಭಾಗದಲ್ಲಿ ಇಡುತ್ತಾರೆ, ಆದ್ದರಿಂದ 44% ಬದಲು 15% ಹಿಡಿಯೋಣ. ಆರು ಇಂಟರ್‌ವ್ಯೂ ಇದ್ದರೆ ಎಲ್ಲ ಕಡೆಯೂ ತಪ್ಪುವ ಸಾಧ್ಯತೆ 0.85ನ್ನು ಆರು ಸಲ ಗುಣಿಸಿದಷ್ಟು, ಅಂದರೆ 0.38. ಮ್ಯಾಚ್ ಆಗುವ ಸಾಧ್ಯತೆ 62%. ಮೂರಿದ್ದರೆ 39%, ಹತ್ತಿದ್ದರೆ 80%. ಈ ಲೆಕ್ಕಕ್ಕೂ ಒಂದು ಮಿತಿ ಇದೆ: ಇಂಟರ್‌ವ್ಯೂಗಳು ಒಂದಕ್ಕೊಂದು ಸಂಬಂಧವಿಲ್ಲದ ನಾಣ್ಯ ಚಿಮ್ಮುವಿಕೆಗಳಲ್ಲ. ನಿಮ್ಮ ಪತ್ರಗಳು ಸಪ್ಪೆಯಾಗಿದ್ದರೆ ಆರೂ ಕಡೆ ಸಪ್ಪೆಯೇ. ಹಾಗಾಗಿ ನಿಜ ಸಂಖ್ಯೆ ಇದಕ್ಕಿಂತ ಕೆಳಗೆ ಎಂದೇ ಇಟ್ಟುಕೊಳ್ಳಿ. ಎಂಡಿ ಸೀನಿಯರ್‌ಗಳಿಗೆ ರ‍್ಯಾಂಕ್ ಪಟ್ಟಿಯಲ್ಲಿ ಸುಮಾರು 12 ಪ್ರೋಗ್ರಾಂ ದಾಟಿದ ಮೇಲೆ ಗ್ರಾಫ್ ಚಪ್ಪಟೆಯಾಗುತ್ತದೆ, ಅವರು ಇನ್ನಷ್ಟು ಇಂಟರ್‌ವ್ಯೂ ಗುಡ್ಡೆ ಹಾಕಿಕೊಳ್ಳುವುದರಿಂದ ಲಾಭ ಕಡಿಮೆ. ನಿಮಗೆ ಆ ಚಪ್ಪಟೆ ಜಾಗ ಸಿಗುವುದೇ ಅಪರೂಪ, ಬಂದದ್ದಕ್ಕೆಲ್ಲ ಹಾಜರಾಗಿ.

ಈಗ ಪಟ್ಟಿ ಕಟ್ಟುವುದು. ಡಯಾಗ್ನಾಸ್ಟಿಕ್ ರೇಡಿಯಾಲಜಿ ಎಂದರೆ ಒಂದು ವರ್ಷ ಕ್ಲಿನಿಕಲ್ ಇಂಟರ್ನ್‌ಶಿಪ್, ಆಮೇಲೆ 4 ವರ್ಷ ರೇಡಿಯಾಲಜಿ. ಹೆಚ್ಚಿನ ಸೀಟುಗಳು ಅಡ್ವಾನ್ಸ್ಡ್: 2026ರ ಮಾರ್ಚ್‌ನಲ್ಲಿ ಮ್ಯಾಚ್ ಆದವರು ರೇಡಿಯಾಲಜಿ ಶುರು ಮಾಡುವುದು 2027ರ ಜುಲೈನಲ್ಲಿ. ನಡುವಿನ ವರ್ಷಕ್ಕೆ ಪ್ರಿಲಿಮ್ ಮೆಡಿಸಿನ್, ಪ್ರಿಲಿಮ್ ಸರ್ಜರಿ ಅಥವಾ ಟ್ರಾನ್ಸಿಷನಲ್ ಇಯರ್ ನೀವೇ ಹುಡುಕಿಕೊಳ್ಳಬೇಕು. ಪ್ರತಿ ಅಡ್ವಾನ್ಸ್ಡ್ ಪ್ರೋಗ್ರಾಂಗೂ ಒಂದು ಸಪ್ಲಿಮೆಂಟಲ್ ಪಟ್ಟಿ ಜೋಡಿಸುತ್ತೀರಿ, ಆ ರೇಡಿಯಾಲಜಿ ಸಿಕ್ಕರೆ ಮಾತ್ರ ಆ ಪಟ್ಟಿ ಓಡುತ್ತದೆ. ಸಪ್ಲಿಮೆಂಟಲ್ ಪಟ್ಟಿ ಜೋಡಿಸಲು ಮರೆತರೆ ರೇಡಿಯಾಲಜಿ ಸಿಕ್ಕೂ ಮೊದಲ ವರ್ಷ ಇಲ್ಲದೆ ನಿಲ್ಲುತ್ತೀರಿ, ಸೋಪ್‌ನಲ್ಲಿ ಪ್ರಿಲಿಮ್ ಹುಡುಕಬೇಕು. ಸೋಪ್‌ನಲ್ಲಿ ಪ್ರಿಲಿಮ್ ಸರ್ಜರಿ ಸೀಟುಗಳು ಉಳಿದಿರುತ್ತವೆ ನಿಜ, ಆದರೆ ಅಲ್ಲಿ ನಿಮ್ಮ ವೀಸಾ ಕೊಡುವವರು ಯಾರು ಎಂದು ಮೊದಲೇ ತಿಳಿದಿರಬೇಕು. ಟ್ರಾನ್ಸಿಷನಲ್ ಇಯರ್‌ಗೆ ಪೈಪೋಟಿ ಜೋರು, ಅದೊಂದನ್ನೇ ನೆಚ್ಚಬೇಡಿ.

ಇಂಟರ್ನಲ್ ಮೆಡಿಸಿನ್ ಬ್ಯಾಕಪ್ ಬೇಕಾ ಎಂದರೆ, ನಿಮ್ಮ ಪ್ರೊಫೈಲ್‌ಗೆ ಬೇಕು ಎಂದೇ ನನ್ನ ಅಭಿಪ್ರಾಯ. ಇರಾಸ್‌ನಲ್ಲಿ ಒಂದೇ ಮೆಡಿಸಿನ್ ಪ್ರೋಗ್ರಾಂನ ಕ್ಯಾಟಗಾರಿಕಲ್, ಪ್ರಿಲಿಮ್ ಎರಡೂ ಟ್ರ್ಯಾಕ್ ಆರಿಸಿದರೂ ಶುಲ್ಕ ಒಂದೇ. ಪರ್ಸನಲ್ ಸ್ಟೇಟ್‌ಮೆಂಟ್ ಎರಡು ಇರಲಿ, ಯಾವುದನ್ನು ಯಾವ ಪ್ರೋಗ್ರಾಂಗೆ ಜೋಡಿಸಿದ್ದೀರಿ ಎಂದು ಸಲ್ಲಿಸುವ ಮೊದಲು ಎರಡು ಸಲ ನೋಡಿ. ಮೆಡಿಸಿನ್ ಪ್ರೋಗ್ರಾಂಗೆ ರೇಡಿಯಾಲಜಿ ಸ್ಟೇಟ್‌ಮೆಂಟ್ ಹೋಗುವುದು ಪ್ರತಿ ವರ್ಷ ನಡೆಯುವ ಅನಾಹುತ. ಪತ್ರಗಳು ಪ್ರತಿ ಪ್ರೋಗ್ರಾಂಗೆ ಗರಿಷ್ಠ 4: ರೇಡಿಯಾಲಜಿಗೆ ಎರಡು ರೇಡಿಯಾಲಜಿಸ್ಟ್‌ಗಳಿಂದ, ಒಂದೆರಡು ರೋಗಿಗಳನ್ನು ನೋಡುವ ವಿಭಾಗದಿಂದ.

ಮುಖ್ಯ ಪಟ್ಟಿಯಲ್ಲಿ ಮೇಲೆ ರೇಡಿಯಾಲಜಿ, ಕೆಳಗೆ ಮೆಡಿಸಿನ್ ಕ್ಯಾಟಗಾರಿಕಲ್. ಮೆಡಿಸಿನ್ ಕೆಳಗಿದ್ದರಿಂದ ರೇಡಿಯಾಲಜಿಯ ಅವಕಾಶ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. 1998ರಿಂದ ಬಳಕೆಯಲ್ಲಿರುವ ಅಲ್ಗಾರಿದಂ ಅಭ್ಯರ್ಥಿಯ ಕಡೆಯಿಂದ ಶುರುವಾಗುತ್ತದೆ: ನಿಮ್ಮ ಮೊದಲ ಆಯ್ಕೆ, ಅದಿಲ್ಲದಿದ್ದರೆ ಎರಡನೆಯದು, ಹೀಗೆ. 'ಅವರು ನನ್ನನ್ನು ಮೇಲಿಟ್ಟಿರಬಹುದು' ಎಂಬ ಊಹೆಯ ಮೇಲೆ ಕ್ರಮ ಬದಲಿಸಿದರೆ ನಷ್ಟ ನಿಮ್ಮದೇ.

ಬ್ಯಾಕಪ್‌ಗೆ ಒಂದು ಎಚ್ಚರಿಕೆ. ಮೆಡಿಸಿನ್ ಸೇರಿ ಆಮೇಲೆ ರೇಡಿಯಾಲಜಿಗೆ ಬದಲಾಯಿಸಿಕೊಳ್ಳುತ್ತೇನೆ ಎಂಬ ಯೋಜನೆ ಅಷ್ಟು ಸಲೀಸಲ್ಲ. ಮೆಡಿಸಿನ್ ಕ್ಯಾಟಗಾರಿಕಲ್‌ನಲ್ಲಿ ಶುರು ಮಾಡಿದವರಿಗೆ, ತರಬೇತಿಗಾಗಿ ಆಸ್ಪತ್ರೆಗಳಿಗೆ ಹಣ ಕೊಡುವ ಸರ್ಕಾರಿ ವಿಮೆ ಮೆಡಿಕೇರ್‌ನ ಪೂರ್ಣ ಲೆಕ್ಕದ ಅವಧಿ 3 ವರ್ಷಕ್ಕೆ ನಿಗದಿಯಾಗುತ್ತದೆ. ಅದರ ನಂತರದ ವರ್ಷಗಳಲ್ಲಿ ತರಬೇತಿಯ ನೇರ ವೆಚ್ಚಕ್ಕೆ ಆ ರೆಸಿಡೆಂಟ್‌ನನ್ನು ಅರ್ಧವಾಗಿ ಎಣಿಸುತ್ತಾರೆ. ಕೆಲವು ಆಸ್ಪತ್ರೆಗಳು ಇದನ್ನು ಲೆಕ್ಕಿಸುವುದಿಲ್ಲ, ಕೆಲವು ಅಲ್ಲಿಗೇ ಅರ್ಜಿ ಮುಚ್ಚುತ್ತವೆ.

ಕೇಳಿದವರು: ಎಕ್ಸ್‌ರೇ_ಆಕಾಂಕ್ಷಿ

ತುಂಬಾ ಧನ್ಯವಾದ. ನಿನ್ನೆ ರಾತ್ರಿ ಪಟ್ಟಿ ಶುರು ಮಾಡಿದೆ: ಮೊದಲ 60 ಪ್ರೋಗ್ರಾಂನಲ್ಲಿ 5 ಹಸಿರು, 7 ಹಳದಿ. ಎರಡು ಪ್ರಶ್ನೆ ಉಳಿದಿವೆ. ಸ್ಟೆಪ್ 3 ಬರೆದು ಎಚ್-1ಬಿಗೆ ಹೋದರೆ ಕಣ ದೊಡ್ಡದಾಗುತ್ತದಾ? ಈ ವರ್ಷವೇ ಹಾಕಲೇ, ಒಂದು ವರ್ಷ ರಿಸರ್ಚ್ ಮಾಡಿ ಹಾಕಲೇ?

ಉತ್ತರ 7: ಪಟ್ಟಿಮಾಡುವವ

ಎಚ್-1ಬಿ ಕಣವನ್ನು ಹಿಗ್ಗಿಸುವುದಿಲ್ಲ, ಕುಗ್ಗಿಸುತ್ತದೆ. ಜೆ-1 ಪ್ರಾಯೋಜಕತ್ವ ಇಸಿಎಫ್‌ಎಂಜಿ (ವಿದೇಶಿ ವೈದ್ಯರ ಅರ್ಹತೆ ದೃಢೀಕರಿಸುವ ಅಮೆರಿಕದ ಸಂಸ್ಥೆ) ಮೂಲಕ ಬರುವುದರಿಂದ ಆಸ್ಪತ್ರೆಗೆ ಖರ್ಚು, ತಲೆನೋವು ಎರಡೂ ಕಡಿಮೆ. ಎಚ್-1ಬಿಗೆ ಸ್ಟೆಪ್ 3 ಮೊದಲೇ ಪಾಸಾಗಿರಬೇಕು, ಅರ್ಜಿಯನ್ನು ಆಸ್ಪತ್ರೆಯೇ ಹಾಕಬೇಕು. 2025ರ ಸೆಪ್ಟೆಂಬರ್ 21ರಿಂದ ಅಮೆರಿಕದ ಹೊರಗಿರುವವರ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಪಾವತಿಯ ಆದೇಶವೂ ಬಂತು. ಇನ್ನೊಂದು ಗಣಿತ: ಎಚ್-1ಬಿ ಅವಧಿ 6 ವರ್ಷ. ಇಂಟರ್ನ್‌ಶಿಪ್ 1, ರೇಡಿಯಾಲಜಿ 4, ಫೆಲೋಶಿಪ್ 1, ಅಲ್ಲಿಗೆ ಆರೂ ಮುಗಿಯಿತು. ಜೆ-1ರಲ್ಲಿ ತರಬೇತಿಗೆ 7 ವರ್ಷದವರೆಗೆ ಜಾಗ ಇದೆ, ಆದರೆ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ಮರಳಬೇಕು ಇಲ್ಲವೇ ವೇವರ್ (ಆ ಷರತ್ತಿನಿಂದ ವಿನಾಯಿತಿ) ಪಡೆಯಬೇಕು. ಅಡ್ವಾನ್ಸ್ಡ್ ಸೀಟಾದರೆ ಪ್ರಿಲಿಮ್ ಆಸ್ಪತ್ರೆ ಮತ್ತು ರೇಡಿಯಾಲಜಿ ಆಸ್ಪತ್ರೆ ಎರಡೂ ಅದೇ ವೀಸಾ ಒಪ್ಪಬೇಕು, ಇದನ್ನು ಪಟ್ಟಿಯಲ್ಲಿ ಹೊಸ ಕಾಲಂ ಮಾಡಿ.

ರಿಸರ್ಚ್ ವರ್ಷದ ಬಗ್ಗೆ. ಅದರ ಬೆಲೆ ಪೇಪರ್‌ಗಳ ಸಂಖ್ಯೆಯಲ್ಲಿಲ್ಲ. ಒಂದು ವಿಭಾಗದ ಮೂರ್ನಾಲ್ಕು ಜನ ನಿಮ್ಮ ಕೆಲಸವನ್ನು ಹತ್ತು ತಿಂಗಳು ಕಣ್ಣಾರೆ ನೋಡುತ್ತಾರೆ, ಅವರ ಪತ್ರಕ್ಕೂ ನಾಲ್ಕು ವಾರದ ಅಬ್ಸರ್ವರ್‌ಶಿಪ್ ಪತ್ರಕ್ಕೂ ಅಜಗಜಾಂತರ. ಆದ್ದರಿಂದ ಒಪ್ಪಿಕೊಳ್ಳುವ ಮೊದಲು ಕೇಳಬೇಕಾದ್ದು: ಆ ವಿಭಾಗ ತನ್ನ ರಿಸರ್ಚ್ ಫೆಲೋಗಳನ್ನು ರೆಸಿಡೆಂಟ್‌ಗಳಾಗಿ ತೆಗೆದುಕೊಂಡಿದೆಯೇ, ರೀಡಿಂಗ್ ರೂಮ್ ಮತ್ತು ಕಾನ್ಫರೆನ್ಸ್‌ಗೆ ಪ್ರವೇಶ ಇದೆಯೇ, ಸಂಬಳ ಇದೆಯೇ. ಮೂರಕ್ಕೂ ಇಲ್ಲ ಎಂದರೆ ಆ ಜಾಗ ಬಿಟ್ಟುಬಿಡಿ. ಸೇರಿದ ಮೊದಲ ತಿಂಗಳಲ್ಲೇ ಆರ್‌ಎಸ್‌ಎನ್‌ಎ (ಉತ್ತರ ಅಮೆರಿಕದ ರೇಡಿಯಾಲಜಿ ಸಂಘ) ಅಬ್‌ಸ್ಟ್ರಾಕ್ಟ್ ಗಡುವು ನೋಡಿ, ನವೆಂಬರ್ ಕೊನೆಯ ಸಮ್ಮೇಳನಕ್ಕೆ ಗಡುವು ಆ ವರ್ಷದ ವಸಂತದಲ್ಲೇ ಮುಗಿದಿರುತ್ತದೆ.

ನಿಮ್ಮ ಈ 5 ಮತ್ತು 7ರ ಲೆಕ್ಕ ಪೂರ್ತಿ ಪಟ್ಟಿಗೂ ಹಾಗೇ ಮುಂದುವರಿದರೆ, ಪದವಿಯಾಗಿ 3 ವರ್ಷವಷ್ಟೇ ಆಗಿರುವಾಗ, ನನ್ನ ಸಲಹೆ: ಸಂಬಳ ಇರುವ ಒಳ್ಳೆಯ ರಿಸರ್ಚ್ ಜಾಗ ಜೂನ್ ಒಳಗೆ ಸಿಕ್ಕರೆ ಈ ವರ್ಷ ಅರ್ಜಿ ಹಾಕಬೇಡಿ, ಮುಂದಿನ ವರ್ಷ ಪೂರ್ಣ ಬಲದಿಂದ ಹಾಕಿ. ಪದವಿಗೆ 5 ವರ್ಷದ ಮಿತಿ ಇಡುವ ಕಡೆಗಳಲ್ಲೂ ಆಗ ಒಳಗೇ ಇರುತ್ತೀರಿ. ಸಿಗದಿದ್ದರೆ ಈ ವರ್ಷವೇ ರೇಡಿಯಾಲಜಿ 30, ಮೆಡಿಸಿನ್ ಜೊತೆಗೆ ಹಾಕಿ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಇಂಟರ್‌ವ್ಯೂ ಕರೆಗಳ ಬಹುಪಾಲು ಬಂದಿರುತ್ತದೆ. ಆಗ ರೇಡಿಯಾಲಜಿಯಿಂದ ಒಂದೂ ಬಂದಿಲ್ಲ ಎಂದಾದರೆ ಮಾರ್ಚ್‌ವರೆಗೆ ಕಾಯದೆ ಅಂದೇ ರಿಸರ್ಚ್ ಜಾಗಗಳಿಗೆ ಬರೆಯಲು ಶುರು ಮಾಡಿ.

ಉತ್ತರ 8: ಸಿಗ್ನಲ್_ನಾಯ್ಸ್

ಒಂದೇ ಸೇರ್ಪಡೆ. ಇಂಟರ್‌ವ್ಯೂ ಮುಗಿದ ಮೇಲೆ 'ನಮ್ಮನ್ನು ಎಷ್ಟನೇ ಸ್ಥಾನದಲ್ಲಿ ಇಡುತ್ತೀರಿ' ಎಂದು ಪ್ರೋಗ್ರಾಂ ನಿಮ್ಮನ್ನು ಕೇಳುವಂತಿಲ್ಲ, ಅದು ಎನ್‌ಆರ್‌ಎಂಪಿ ನಿಯಮ. ನೀವಾಗಿಯೇ ಹೇಳಬಹುದು. 'ನೀವೇ ನನ್ನ ಮೊದಲ ಆಯ್ಕೆ' ಎಂಬ ಇಮೇಲ್ ಒಂದೇ ಪ್ರೋಗ್ರಾಂಗೆ ಹೋಗಲಿ, ಜನವರಿ ಕೊನೆಗೆ, ನಾಲ್ಕೇ ಸಾಲು. ರೇಡಿಯಾಲಜಿ ಸಣ್ಣ ಪ್ರಪಂಚ, ಇಬ್ಬರು ಪ್ರೋಗ್ರಾಂ ಡೈರೆಕ್ಟರ್‌ಗಳಿಗೆ ಒಂದೇ ಮಾತು ಬರೆದರೆ ಗೊತ್ತಾಗಿಯೇ ಆಗುತ್ತದೆ.